ಮೊದಲು ಸತ್ತವನ ಕಲ್ಲು

ಪ್ರಾಜೆಕ್ಟ್ ಮೇಲೆ ಅಮೆರಿಕಕ್ಕೆ ಹೋದವರ ವೀಕೆಂಡುಗಳು ಹೇಗಿರುತ್ತವೆ ಅಂತ ನಿಮಗೂ ಗೊತ್ತು. ಮೊದಲ ತಿಂಗಳು ನಯಾಗರಾ, ನ್ಯೂಯಾರ್ಕ್. ಎರಡನೇ ತಿಂಗಳು ಊರಿಗೆ ಒಯ್ಯುವ ಸಾಮಾನಿಗಾಗಿ ಮಾಲ್ ಸುತ್ತಾಟ. ಮೂರನೇ ತಿಂಗಳಿನಿಂದ ಬಟ್ಟೆ ಒಗೆಯೋದು, ನಿದ್ದೆ, ಮನೆಗೆ ವಿಡಿಯೋ ಕಾಲ್. ವಾಷಿಂಗ್ಟನ್ ಪಕ್ಕದ ಆಫೀಸೊಂದರಲ್ಲಿದ್ದ ನಾನು ಈ ಮೂರನೇ ಹಂತಕ್ಕೆ ಬಂದಿದ್ದಾಗ ಒಂದು ಶನಿವಾರ ಬೆಳಿಗ್ಗೆ ರೂಮ್‌ಮೇಟ್ ಎಬ್ಬಿಸಿದ. "ಒಂದೂವರೆ ಗಂಟೆ ಡ್ರೈವ್ ಅಷ್ಟೇ. ನದಿ ಇದೆ, ಬೆಟ್ಟ ಇದೆ. ಬಾ ಮಾರಾಯಾ." ಚಿತ್ರಾನ್ನ ಡಬ್ಬಿಗೆ ತುಂಬಿಕೊಂಡು ಹೊರಟೆವು. ಊರಿನ ಹೆಸರು ಹಾರ್ಪರ್ಸ್ ಫೆರಿ. ನದಿ, ಬೆಟ್ಟ ಎರಡೂ ಇದ್ದವು. ಆದರೆ ನಾನು ಅಲ್ಲಿಂದ ತಲೆಯಲ್ಲಿ ತುಂಬಿಕೊಂಡು ಬಂದದ್ದು ಒಂದು ಕಲ್ಲನ್ನು.

ವೆಸ್ಟ್ ವರ್ಜೀನಿಯಾದ ಈ ಊರಿನ ಜನಸಂಖ್ಯೆ ಮುನ್ನೂರಕ್ಕಿಂತ ಕಡಿಮೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಒಂದೇ ಬ್ಲಾಕಿನಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ. ಕಾರನ್ನು ಗುಡ್ಡದ ಮೇಲೆ ನಿಲ್ಲಿಸಿ ಶಟಲ್ ಬಸ್ಸಿನಲ್ಲಿ ಕೆಳಗಿಳಿಯಬೇಕು. ಇಳಿದರೆ ಹತ್ತೊಂಬತ್ತನೇ ಶತಮಾನ. ಕಲ್ಲು ಹಾಸಿದ ರಸ್ತೆ, ಇಟ್ಟಿಗೆ ಕಟ್ಟಡ, ಒಂದೊಂದು ಕಟ್ಟಡದೊಳಗೂ ಒಂದೊಂದು ಪುಟ್ಟ ಮ್ಯೂಸಿಯಂ. ಒಂದು ಗೋಡೆಯ ಮೇಲೆ ಪ್ರವಾಹದ ನೀರು ಯಾವ ವರ್ಷ ಎಲ್ಲಿಯವರೆಗೆ ಏರಿತ್ತು ಅಂತ ಗುರುತು ಹಾಕಿದ್ದಾರೆ. 1936ರ ಗುರುತು ಎಲ್ಲಕ್ಕಿಂತ ಮೇಲೆ. ತಲೆ ಎತ್ತಿ ನೋಡಬೇಕು.

ಊರಿನ ತುದಿಯಲ್ಲಿ ಪೊಟೋಮ್ಯಾಕ್ ಮತ್ತು ಶೆನೆಂಡೋವಾ ನದಿಗಳು ಕೂಡುತ್ತವೆ. ಆ ಸಂಗಮದಲ್ಲಿ ನಿಂತರೆ ಕಾಲ ಕೆಳಗೆ ವೆಸ್ಟ್ ವರ್ಜೀನಿಯಾ, ಬಲಕ್ಕೆ ವರ್ಜೀನಿಯಾ, ಎಡಕ್ಕೆ ಮೇರಿಲ್ಯಾಂಡ್. 1783ರಲ್ಲಿ ಇಲ್ಲಿಗೆ ಬಂದ ಥಾಮಸ್ ಜೆಫರ್ಸನ್, ಈ ನೋಟಕ್ಕಾಗಿಯೇ ಅಟ್ಲಾಂಟಿಕ್ ದಾಟಿ ಬರಬಹುದು ಎಂಬರ್ಥದ ಮಾತು ಬರೆದಿಟ್ಟ. ಅವನು ಹತ್ತಿ ನಿಂತ ಬಂಡೆಗೆ ಈಗಲೂ ಜೆಫರ್ಸನ್ ರಾಕ್ ಅಂತಲೇ ಹೆಸರು.

ಜಾರ್ಜ್ ವಾಷಿಂಗ್ಟನ್ ಕಣ್ಣಿಗೆ ಬಿದ್ದದ್ದು ಮಾತ್ರ ನೋಟ ಅಲ್ಲ, ನೀರಿನ ರಭಸ. ಯಂತ್ರ ತಿರುಗಿಸಲು ಎರಡು ನದಿ, ಸುತ್ತ ಕಬ್ಬಿಣದ ಅದಿರು, ಇದ್ದಿಲಿಗೆ ಕಾಡು. ಸರ್ಕಾರದ ಬಂದೂಕು ಕಾರ್ಖಾನೆ ಇಲ್ಲೇ ಆಗಲಿ ಅಂದ. 1801ರಿಂದ 1861ರ ನಡುವೆ ಇಲ್ಲಿ 6 ಲಕ್ಷಕ್ಕೂ ಹೆಚ್ಚು ಬಂದೂಕು ಮತ್ತು ಪಿಸ್ತೂಲುಗಳು ತಯಾರಾದವು. ಜಾನ್ ಹಾಲ್ ಎಂಬಾತ ಇಲ್ಲಿಯೇ, ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವ ಹಾಗೆ ಯಂತ್ರದಿಂದ ಮಾಡಿ ತೋರಿಸಿದ. ಇವತ್ತು ನಮ್ಮ ಬೈಕಿನ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಸಿಗುತ್ತದಲ್ಲ, ಅದರ ಹಿಂದಿನ ಯೋಚನೆ ಬೆಳೆದ ಜಾಗಗಳಲ್ಲಿ ಇದೂ ಒಂದು.

ಆದರೆ ಊರಿಗೆ ಜನ ಬರೋದು ಬಿಡಿಭಾಗ ನೋಡಲಿಕ್ಕಲ್ಲ. 1859ರ ಅಕ್ಟೋಬರ್ 16ರ ರಾತ್ರಿ ನಡೆದದ್ದನ್ನು ನೋಡಲಿಕ್ಕೆ.

ಕಥೆಯ ಮುಖ್ಯಾಂಶ ಶಾಲೆಯ ಪುಸ್ತಕದಲ್ಲೋ ಎಲ್ಲೋ ಓದಿರುತ್ತೀರಿ. ಜಾನ್ ಬ್ರೌನ್ ಎಂಬ ಬಿಳಿಯ. ವಯಸ್ಸು 59. ಗುಲಾಮಗಿರಿ ಪಾಪ, ಅದು ಭಾಷಣದಿಂದ ಹೋಗುವಂಥದ್ದಲ್ಲ ಅಂತ ನಂಬಿದ್ದವನು. ಸರ್ಕಾರಿ ಶಸ್ತ್ರಾಗಾರವನ್ನೇ ಹಿಡಿದು, ಸುತ್ತಲಿನ ಗುಲಾಮರ ಕೈಗೆ ಆಯುಧ ಕೊಟ್ಟು, ಬೆಟ್ಟಸಾಲಿನ ಗುಂಟ ದಕ್ಷಿಣಕ್ಕೆ ಬಂಡಾಯ ಹಬ್ಬಿಸಬೇಕು ಅನ್ನೋದು ಅವನ ಲೆಕ್ಕ. ಮೇರಿಲ್ಯಾಂಡಿನಲ್ಲಿ ಒಂದು ತೋಟದ ಮನೆ ಬಾಡಿಗೆಗೆ ಹಿಡಿದ. ಬಂದೂಕು ಹಾರಿಸಲು ಬಾರದವರಿಗಾಗಿ ನೂರಾರು ಈಟಿಗಳನ್ನೂ ಮಾಡಿಸಿ ತಂದಿಟ್ಟ. ಅವನ ಜೊತೆಗಿದ್ದವರು 21 ಜನ. ಅವರಲ್ಲಿ ಐವರು ಕಪ್ಪು ವರ್ಣೀಯರು, ಮೂವರು ಅವನದೇ ಮಕ್ಕಳು. ಮೂವರನ್ನು ತೋಟದ ಮನೆಯಲ್ಲಿ ಬಿಟ್ಟು, 18 ಜನರೊಂದಿಗೆ ಭಾನುವಾರ ರಾತ್ರಿ ಸೇತುವೆ ದಾಟಿ ಊರಿಗೆ ನುಗ್ಗಿದ. ಶಸ್ತ್ರಾಗಾರಕ್ಕೆ ದೊಡ್ಡ ಕಾವಲೇನೂ ಇರಲಿಲ್ಲ. ಸುಲಭವಾಗಿ ಕೈಗೆ ಬಂತು.

ನಡುರಾತ್ರಿ ದಾಟಿದ ಮೇಲೆ ಬಾಲ್ಟಿಮೋರ್ ಕಡೆಗೆ ಹೋಗುವ ರೈಲು ಬಂತು. ಸೇತುವೆಯ ಮೇಲೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿ ನಿಂತಿತು. ಏನಾಯ್ತು ಅಂತ ನೋಡಲು ಸ್ಟೇಷನ್ನಿನಿಂದ ಒಬ್ಬ ಕತ್ತಲಲ್ಲಿ ಸೇತುವೆ ಕಡೆ ನಡೆದ. ರೈಲ್ವೆಯಲ್ಲಿ ಪ್ರಯಾಣಿಕರ ಲಗೇಜು ನೋಡಿಕೊಳ್ಳುವ ಕೆಲಸ ಅವನದು. "ನಿಲ್ಲು" ಅನ್ನುವ ದನಿ ಕೇಳಿತು. ಅವನು ಹಿಂದಕ್ಕೆ ತಿರುಗಿದ. ಗುಂಡು ಬೆನ್ನಿಗೆ ಬಿತ್ತು. ಮಾರನೇ ದಿನ ಸಂಜೆಯೊಳಗೆ ಸತ್ತ.

ಅವನ ಹೆಸರು ಹೇವರ್ಡ್ ಶೆಫರ್ಡ್. ಅವನು ಕಪ್ಪು ವರ್ಣೀಯ. ಅಷ್ಟೇ ಅಲ್ಲ, ಗುಲಾಮನಲ್ಲ, ಸ್ವತಂತ್ರ. ಹೆಂಡತಿ ಮಕ್ಕಳಿದ್ದವನು. ಗುಲಾಮಗಿರಿಯನ್ನು ಮುರಿಯಲು ಬಂದವರ ಗುಂಡಿಗೆ ಆ ಊರಿನಲ್ಲಿ ಮೊದಲು ಸತ್ತವನು ಅವನು.

ಮ್ಯೂಸಿಯಮ್ಮಿನ ಫಲಕದ ಮುಂದೆ ಈ ಸಾಲು ಓದುತ್ತಾ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ರೂಮ್‌ಮೇಟ್ "ಮುಂದೆ ಹೋಗೋಣ್ವಾ?" ಅಂದ. ಮುಂದೆ ಹೋದೆವು. ಮುಂದಿನ ಫಲಕದಲ್ಲಿ ಇನ್ನೊಬ್ಬ ಸಿಕ್ಕ.

ಡೇಂಜರ್‌ಫೀಲ್ಡ್ ನ್ಯೂಬಿ. ಬ್ರೌನ್ ಜೊತೆ ಬಂದ ಐವರು ಕಪ್ಪು ವರ್ಣೀಯರಲ್ಲಿ ಒಬ್ಬ. ಬಿಳಿಯ ತಂದೆಯಿಂದ ಬಿಡುಗಡೆ ಪಡೆದಿದ್ದ. ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ಮಾತ್ರ ವರ್ಜೀನಿಯಾದಲ್ಲಿ ಗುಲಾಮರಾಗಿಯೇ ಉಳಿದಿದ್ದರು. ಅವರನ್ನು ಬಿಡಿಸಲು ಅವನು ದುಡ್ಡು ಕೂಡಿಟ್ಟ. ಒಡೆಯ ಒಪ್ಪಲಿಲ್ಲ. 1859ರಲ್ಲಿ ಹೆಂಡತಿ ಅವನಿಗೆ ಮೇಲಿಂದ ಮೇಲೆ ಕಾಗದ ಬರೆದಳು. ಒಡೆಯನಿಗೆ ಹಣದ ಮುಗ್ಗಟ್ಟಂತೆ, ನನ್ನನ್ನು ಮಾರಿಬಿಡಬಹುದು, ಬೇಗ ಬಂದು ಕೊಂಡುಕೋ ಅನ್ನುವುದು ಆ ಕಾಗದಗಳ ಸಾರ. ಗಂಡನಿಗೆ "ನನ್ನನ್ನು ಕೊಂಡುಕೋ" ಅಂತ ಬರೆಯಬೇಕಾದ ಕಾಲ. ನ್ಯೂಬಿ ಹಣದ ಬದಲು ಬಂದೂಕು ಹಿಡಿದು ಬಂದ. ಬ್ರೌನ್ ಕಡೆಯವರಲ್ಲಿ ಮೊದಲು ಸತ್ತವನು ಅವನೇ. ಕಾಗದಗಳು ಆಮೇಲೆ ಸಿಕ್ಕವು. ಹ್ಯಾರಿಯೆಟ್‌ಳನ್ನು ದಾಳಿಯ ನಂತರ ದೂರದ ಲೂಯಿಸಿಯಾನಾಗೆ ಮಾರಿದರು.

ಎರಡೂ ಕಡೆ ಮೊದಲು ಬಿದ್ದ ಹೆಣ ಕಪ್ಪು ವರ್ಣೀಯರದ್ದೇ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ನೂರೈವತ್ತು ವರ್ಷದ ಜಗಳ ಇದರ ಮೇಲೇ ನಡೆಯುತ್ತದೆ.

ದಾಳಿ ಎಷ್ಟು ಬೇಗ ಶುರುವಾಯಿತೋ ಅಷ್ಟೇ ಬೇಗ ಮುಗಿಯಿತು. ಬ್ರೌನ್ ಮಾಡಿದ ವಿಚಿತ್ರ ಕೆಲಸ ಅಂದರೆ, ನಿಲ್ಲಿಸಿದ್ದ ರೈಲನ್ನು ಬೆಳಗಾಗುತ್ತಲೇ ಮುಂದಕ್ಕೆ ಬಿಟ್ಟುಬಿಟ್ಟ. ಕಂಡಕ್ಟರ್ ದಾರಿಯಲ್ಲಿ ಸಿಕ್ಕ ಟೆಲಿಗ್ರಾಫ್ ಕಚೇರಿಯಿಂದ ಸುದ್ದಿ ಕಳಿಸಿದ. ಸುತ್ತಲಿನ ಗುಲಾಮರು ಸಾವಿರಗಟ್ಟಲೆ ಎದ್ದು ಬರಲಿಲ್ಲ. ಊರವರು, ಸ್ವಯಂಸೇವಕ ಪಡೆಗಳು ಸುತ್ತುವರಿದವು. ಬ್ರೌನ್ ಉಳಿದವರನ್ನೂ ಒತ್ತೆಯಾಳುಗಳನ್ನೂ ಕರೆದುಕೊಂಡು ಕಾರ್ಖಾನೆಯ ಬೆಂಕಿ ಆರಿಸುವ ಎಂಜಿನ್ ಇಡುವ ಪುಟ್ಟ ಕಟ್ಟಡದಲ್ಲಿ ಅಡಗಿದ. 18ರ ಬೆಳಿಗ್ಗೆ ಮರೀನ್ ಸೈನಿಕರು ಬಾಗಿಲು ಒಡೆದರು. ಅವರ ಮೇಲಿನ ಅಧಿಕಾರಿ ಯಾರು ಗೊತ್ತಾ? ರಾಬರ್ಟ್ ಇ. ಲೀ. ಎರಡು ವರ್ಷ ತುಂಬುವುದರೊಳಗೆ ಇದೇ ಲೀ ಅದೇ ಸರ್ಕಾರದ ವಿರುದ್ಧ ಗುಲಾಮಗಿರಿಯ ರಾಜ್ಯಗಳ ಪರ ಕತ್ತಿ ಹಿಡಿದ. ಅವನನ್ನು ಯಾರೂ ಗಲ್ಲಿಗೆ ಹಾಕಲಿಲ್ಲ. ಬ್ರೌನ್‌ನನ್ನು ಮಾತ್ರ ಪಕ್ಕದ ಚಾರ್ಲ್ಸ್ ಟೌನಿನಲ್ಲಿ ರಾಜದ್ರೋಹದ ವಿಚಾರಣೆ ನಡೆಸಿ ಡಿಸೆಂಬರ್ 2ರಂದು ಗಲ್ಲಿಗೇರಿಸಿದರು.

ಆಮೇಲೆ ಅಂತರ್ಯುದ್ಧ. 1861ರಲ್ಲಿ ಶತ್ರುವಿಗೆ ಸಿಗಬಾರದು ಅಂತ ಸರ್ಕಾರದ ಸೈನಿಕರೇ ಶಸ್ತ್ರಾಗಾರಕ್ಕೆ ಬೆಂಕಿ ಇಟ್ಟರು. ಊರು ಎಂಟು ಸಲ ಕೈ ಬದಲಾಯಿತು. ಗುಡ್ಡದ ಮೇಲಿನ ಕ್ಯಾಥೊಲಿಕ್ ಚರ್ಚಿನ ಪಾದ್ರಿ ಎರಡೂ ಕಡೆಯವರ ಫಿರಂಗಿಯಿಂದ ತಪ್ಪಿಸಿಕೊಳ್ಳಲು ಬ್ರಿಟಿಷ್ ಬಾವುಟ ಹಾರಿಸಿದ್ದನಂತೆ. ಚರ್ಚು ಉಳಿಯಿತು. ಕಾರ್ಖಾನೆಯ ಕಟ್ಟಡಗಳಲ್ಲಿ ಉಳಿದದ್ದು ಒಂದೇ. ಬ್ರೌನ್ ಅಡಗಿದ್ದ ಆ ಎಂಜಿನ್ ಮನೆ. ಜನ ಅದನ್ನು 'ಜಾನ್ ಬ್ರೌನ್ ಕೋಟೆ' ಅಂತ ಕರೆಯತೊಡಗಿದರು.

ಈ ಕೋಟೆಯ ಕಥೆ ಕೇಳಿ. ಮೂರು ಕಮಾನಿನ ಬಾಗಿಲು, ಮೇಲೊಂದು ಗಂಟೆಗೋಪುರ. ನಮ್ಮ ಊರುಗಳ ಹಳೇ ಪೋಸ್ಟಾಫೀಸಿನಷ್ಟು ದೊಡ್ಡದು ಅಷ್ಟೇ. 1891ರಲ್ಲಿ ಯಾರೋ ಕೊಂಡು, ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ, ಶಿಕಾಗೊಗೆ ಸಾಗಿಸಿದರು. 1893ರ ವಿಶ್ವ ಮೇಳದ ಜನರಿಗೆ ತೋರಿಸಿ ದುಡ್ಡು ಮಾಡುವ ಯೋಚನೆ. ಹತ್ತು ದಿನದಲ್ಲಿ ಬಂದವರು 11 ಜನ. ಅಲ್ಲಿಗೆ ಆ ಸ್ಟಾರ್ಟಪ್ ಮುಗಿಯಿತು. ಕೇಟ್ ಫೀಲ್ಡ್ ಎಂಬ ಪತ್ರಕರ್ತೆ ಹಣ ಕೂಡಿಸಿ 1895ರಲ್ಲಿ ಅದನ್ನು ವಾಪಸ್ ತರಿಸಿದರು. ಅಷ್ಟರಲ್ಲಿ ಮೂಲ ಜಾಗದ ಮೇಲೆ ರೈಲ್ವೆಯವರು ಮಣ್ಣು ಏರಿಸಿ ಹಳಿ ಹಾಕಿಯಾಗಿತ್ತು. ಊರಾಚೆ ಒಬ್ಬರ ಹೊಲದಲ್ಲಿ ನಿಲ್ಲಿಸಿದರು. 1909ರಲ್ಲಿ ಊರಿನ ಕಾಲೇಜು ಅದನ್ನು ಕೊಂಡು ತನ್ನ ಆವರಣಕ್ಕೆ ತಂದಿತು. 1968ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಮತ್ತೆ ಕೆಳಗಿನ ಊರಿಗೆ ಇಳಿಸಿತು. ಮೂಲ ಜಾಗದಿಂದ ಸುಮಾರು 150 ಅಡಿ ದೂರ. ಈ ಬಿಚ್ಚಿ ಕಟ್ಟುವ ಗಲಾಟೆಯಲ್ಲಿ ಫೋಟೋ ನೆಗೆಟಿವ್ ತಿರುಗುಮುರುಗಾಗಿ, ಕಟ್ಟಡ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ ನಿಂತಿದೆ. ಅದರ ಗಂಟೆಯಂತೂ ಇಲ್ಲಿ ಇಲ್ಲವೇ ಇಲ್ಲ. ಯುದ್ಧದ ಕಾಲದಲ್ಲಿ ಮ್ಯಾಸಚೂಸೆಟ್ಸಿನ ಸೈನಿಕರು ಇಳಿಸಿಕೊಂಡು ಹೋದದ್ದು, ಇವತ್ತಿಗೂ ಅವರ ಊರಾದ ಮಾರ್ಲ್‌ಬರೋದಲ್ಲೇ ಇದೆ.

ನಾವು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವ "ಐತಿಹಾಸಿಕ ಕಟ್ಟಡ" ಅಂದರೆ ಇದು. ತನ್ನ ಜಾಗದಲ್ಲಿಲ್ಲ, ತನ್ನ ದಿಕ್ಕಿನಲ್ಲಿಲ್ಲ, ತನ್ನ ಗಂಟೆಯೂ ಇಲ್ಲ. ಆದರೂ ಸುಳ್ಳಲ್ಲ. ನಾಲ್ಕು ಸಲ ಜಾಗ ಬದಲಿಸಿದೆ ಅಂದರೆ, ನಾಲ್ಕು ಸಲವೂ ಇದು ನಮಗೆ ಬೇಕು ಅಂತ ಯಾರೋ ಹಣ ಹಾಕಿದ್ದಾರೆ ಅಂತ ಅರ್ಥ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕಾಲೇಜು.

ಕೆಳಗಿನ ಊರಿನಿಂದ ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ, ಚರ್ಚು ದಾಟಿ, ಗುಡ್ಡದ ಮೇಲೆ ನಡೆದರೆ ಸ್ಟೋರರ್ ಕಾಲೇಜಿನ ಕಟ್ಟಡಗಳು ಸಿಗುತ್ತವೆ. ಹೆಚ್ಚಿನ ಪ್ರವಾಸಿಗಳು ಐಸ್‌ಕ್ರೀಂ ತಿಂದು ಕೆಳಗಿನಿಂದಲೇ ವಾಪಸ್ ಹೋಗುತ್ತಾರೆ. ನಾವೂ ಹೋಗುವವರಿದ್ದೆವು. ಚಿತ್ರಾನ್ನ ತಿನ್ನಲು ನೆರಳು ಹುಡುಕಿಕೊಂಡು ಮೇಲೆ ಹತ್ತಿದ್ದು ಅಷ್ಟೇ.

ಯುದ್ಧ ಮುಗಿದ ಮೇಲೆ, ಅದುವರೆಗೆ ಅಕ್ಷರ ಕಲಿಯಲು ಬಿಡದಿದ್ದ ಜನರಿಗಾಗಿ ಇಲ್ಲೊಂದು ಶಾಲೆ ಶುರುವಾಯಿತು. 1867ರಲ್ಲಿ ಅದು ಸ್ಟೋರರ್ ಕಾಲೇಜಾಯಿತು. 1881ರ ಮೇ 30ರಂದು ಇಲ್ಲಿ ಫ್ರೆಡರಿಕ್ ಡಗ್ಲಸ್ ಭಾಷಣ ಮಾಡಿದರು. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು, ದೇಶದ ದೊಡ್ಡ ವಾಗ್ಮಿಯಾದವರು. ದಾಳಿಗೆ ಎರಡು ತಿಂಗಳ ಮುಂಚೆ ಬ್ರೌನ್ ಅವರನ್ನು ಗುಟ್ಟಾಗಿ ಕರೆದು, ನೀನೂ ಬಾ ಅಂದಿದ್ದ. ಅದು ಬೋನು, ಹೊಕ್ಕರೆ ಹೊರಬರೋದಿಲ್ಲ ಅಂತ ಡಗ್ಲಸ್ ನಿರಾಕರಿಸಿದ್ದರು. ಅವರ ಜೊತೆಗೆ ಬಂದಿದ್ದ ಶೀಲ್ಡ್ಸ್ ಗ್ರೀನ್ ಮಾತ್ರ ಬ್ರೌನ್ ಜೊತೆ ಹೋದ. ಗಲ್ಲಿಗೇರಿದ. ಡಗ್ಲಸ್ ಹೆಸರೂ ಸಿಕ್ಕಿಕೊಂಡು ಅವರು ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಅದೇ ಊರಿಗೆ 22 ವರ್ಷದ ಮೇಲೆ ಬಂದು ಬ್ರೌನ್‌ನನ್ನು ಹೊಗಳಿ ಮಾತಾಡುವಾಗ ವೇದಿಕೆಯ ಮೇಲೆ ಯಾರಿದ್ದರು ಗೊತ್ತಾ? ಬ್ರೌನ್‌ಗೆ ಗಲ್ಲು ಕೊಡಿಸಿದ ಸರ್ಕಾರಿ ವಕೀಲ ಆಂಡ್ರ್ಯೂ ಹಂಟರ್. ಭಾಷಣ ಮುಗಿದ ಮೇಲೆ ಆತ ಡಗ್ಲಸ್ ಕೈ ಕುಲುಕಿದ.

1906ರ ಆಗಸ್ಟಿನಲ್ಲಿ ಡು ಬಾಯ್ಸ್ ನೇತೃತ್ವದ ನಯಾಗರಾ ಚಳವಳಿಯವರು ಇದೇ ಕಾಲೇಜಿನಲ್ಲಿ ಸಭೆ ಸೇರಿದರು. ಸಮಾನ ಹಕ್ಕು ಕೇಳಿದ ಕಪ್ಪು ವರ್ಣೀಯರ ಈ ಚಳವಳಿಯ ಮುಂದುವರಿಕೆಯೇ ಎನ್‌ಎಎಸಿಪಿ ಸಂಘಟನೆ. ಒಂದು ಬೆಳಿಗ್ಗೆ ಅವರೆಲ್ಲ ಹೊಲದಲ್ಲಿದ್ದ ಬ್ರೌನ್ ಕೋಟೆಗೆ ನಡೆದುಕೊಂಡು ಹೋದರು. ಹತ್ತಿರ ಹೋದಾಗ ಚಪ್ಪಲಿ, ಬೂಟು ಕಳಚಿದರು. ಬರಿಗಾಲಲ್ಲಿ ಹೋಗುವ ಜಾಗ ಯಾವುದು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಕಲ್ಲಿಗೆ ಬರೋಣ. ಅದು ಇರೋದು ಕೆಳಗೆ, ಕೋಟೆಯ ಹತ್ತಿರವೇ. ದೊಡ್ಡ ಗ್ರಾನೈಟ್ ಬಂಡೆ. 1931ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದವರು ಯುದ್ಧದಲ್ಲಿ ಸೋತ ದಕ್ಷಿಣದ ಸೈನಿಕರ ಹೆಣ್ಣುಮಕ್ಕಳು ಮತ್ತು ಗಂಡುಮಕ್ಕಳ ಎರಡು ಸಂಘಗಳು. ಯಾರ ನೆನಪಿಗೆ? ಹೇವರ್ಡ್ ಶೆಫರ್ಡ್ ನೆನಪಿಗೆ.

ಮೊದಲು ಓದಿದಾಗ ಒಳ್ಳೆಯದೇ ಆಯ್ತಲ್ಲ ಅನ್ನಿಸುತ್ತೆ. ಪಾಪ, ಮರೆತುಹೋಗಬಹುದಾಗಿದ್ದ ಮನುಷ್ಯನಿಗೆ ಒಂದು ಕಲ್ಲು ಸಿಕ್ಕಿತು. ಎರಡನೇ ಸಲ ಓದಿದರೆ ಸಿಟ್ಟು ಬರುತ್ತೆ. ಶೆಫರ್ಡ್ ಸ್ವತಂತ್ರ ಮನುಷ್ಯ, ಶ್ರಮಜೀವಿ ಅಂತ ಕಲ್ಲೇ ಒಪ್ಪಿಕೊಳ್ಳುತ್ತದೆ. ಆ ಸಾಲು ಮುಗಿಸಿ ಮುಂದಕ್ಕೆ ಹೋಗಿ, ಆಮಿಷಗಳಿಗೆ ಬಲಿಯಾಗದೆ ನಿಷ್ಠೆಯಿಂದ ಉಳಿದ ಸಾವಿರಾರು ಕಪ್ಪು ಜನರ ಪ್ರತಿನಿಧಿಯಾಗಿ ಅವನನ್ನು ನಿಲ್ಲಿಸುತ್ತದೆ. ಅಂದರೆ, ಗುಲಾಮರು ಸುಖವಾಗಿದ್ದರು, ಒಡೆಯರನ್ನು ಪ್ರೀತಿಸುತ್ತಿದ್ದರು, ಬ್ರೌನ್ ಬಂದು ಕರೆದರೂ ಹೋಗಲಿಲ್ಲ, ನೋಡಿ ಬೇಕಾದರೆ ಶೆಫರ್ಡ್!

ಆದರೆ ಶೆಫರ್ಡ್‌ಗೆ ನಿಷ್ಠೆ ತೋರಿಸಲು ಒಡೆಯನೇ ಇರಲಿಲ್ಲ. ಅವನನ್ನು ಯಾರೂ ಕರೆದಿರಲಿಲ್ಲ, ಅವನು ಯಾರನ್ನೂ ನಿರಾಕರಿಸಿರಲಿಲ್ಲ. ಕತ್ತಲಲ್ಲಿ ನಿಂತವರು ಯಾರು, ಯಾತಕ್ಕೆ ಬಂದಿದ್ದಾರೆ ಅಂತ ತಿಳಿಯುವ ಅವಕಾಶವೇ ಸಿಗಲಿಲ್ಲ. ನೈಟ್ ಶಿಫ್ಟಿನಲ್ಲಿದ್ದ ಒಬ್ಬ ನೌಕರ ಏನಾಯ್ತು ಅಂತ ನೋಡಲು ಹೋದ, ಅಷ್ಟೇ. ಅವನ ಸಾವಿಗೆ ಬ್ರೌನ್ ಕಡೆಯವರು ಉತ್ತರ ಕೊಡಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ 72 ವರ್ಷದ ಮೇಲೆ ಅವನ ಬಾಯಲ್ಲಿ ಅವನಾಡದ ಮಾತು ಇಟ್ಟದ್ದಕ್ಕೆ ಈ ಕಲ್ಲು ಉತ್ತರ ಕೊಡಬೇಕು.

ಕಲ್ಲಿನ ಉದ್ಘಾಟನೆಯ ದಿನವೇ ಒಬ್ಬರು ಈ ಮಾತಿಗೆ ಎದುರು ಮಾತಾಡಿದರು. ಕಾರ್ಯಕ್ರಮಕ್ಕೆ ಸ್ಟೋರರ್ ಕಾಲೇಜಿನ ಬಿಳಿಯ ಅಧ್ಯಕ್ಷರು ಬಂದಿದ್ದರು, ಕಾಲೇಜಿನ ಗಾಯಕರೂ ಬಂದಿದ್ದರು. ಗಾಯಕರನ್ನು ಕರೆತಂದ ಸಂಗೀತದ ಮೇಷ್ಟ್ರು ಪರ್ಲ್ ಟ್ಯಾಟನ್ ಎಂಬ ಕಪ್ಪು ಮಹಿಳೆ. ಹಾಡಿಸಬೇಕಾಗಿದ್ದ ಅವರು ಎದ್ದು ನಿಂತು, ನನ್ನ ತಂದೆ ನನ್ನ ಜನರ ಬಿಡುಗಡೆಗಾಗಿ ಉತ್ತರದ ಸೈನ್ಯದಲ್ಲಿ ಹೋರಾಡಿದವರು, ನಾವು ಹಿಂದಕ್ಕಲ್ಲ, ಮುಂದಕ್ಕೆ ಹೋಗುತ್ತಿರುವವರು ಎಂಬರ್ಥದ ಮಾತು ಹೇಳಿ ಕೂತರು. 1931ರ ಅಮೆರಿಕದಲ್ಲಿ, ಹಾಗೆ ಕೂಡಿದ ಸಭೆಯಲ್ಲಿ, ಕೆಲಸ ಕೊಟ್ಟ ಅಧ್ಯಕ್ಷರ ಎದುರಿಗೇ. ಆಫೀಸಿನ ಮೀಟಿಂಗಿನಲ್ಲಿ ಬಾಸ್ ತಪ್ಪು ಹೇಳಿದಾಗ ಮ್ಯೂಟ್‌ನಲ್ಲಿ ಕೂತ ನನ್ನ ಎಷ್ಟೋ ಸೋಮವಾರಗಳು ನೆನಪಾದವು.

ಮರುವರ್ಷ ಡು ಬಾಯ್ಸ್ ಮತ್ತು ಎನ್‌ಎಎಸಿಪಿ ಉತ್ತರವಾಗಿ ಒಂದು ಫಲಕ ತಂದರು. ಆಗ ಕಾಲೇಜಿನ ಆವರಣದಲ್ಲೇ ಇದ್ದ ಬ್ರೌನ್ ಕೋಟೆಗೆ ಅದನ್ನು ಹಾಕಬೇಕು ಅಂತ. ಬ್ರೌನ್‌ನನ್ನೂ, ಅವನ ಜೊತೆ ಪ್ರಾಣ ಕೊಟ್ಟವರನ್ನೂ, ಗುಲಾಮಗಿರಿಯ ವಿರುದ್ಧ ಕಾದಾಡಿದ ಕಪ್ಪು ಸೈನಿಕರನ್ನೂ ನೆನೆಯುವ ಫಲಕ. ಬರಹ ತೀರಾ ಖಾರವಾಯಿತು ಅಂತ ಅಧ್ಯಕ್ಷರು ಬೇಡ ಅಂದರು. ಕಪ್ಪು ಜನರ ಕಾಲೇಜಿನಲ್ಲೇ ಅದಕ್ಕೆ ಜಾಗ ಸಿಗಲಿಲ್ಲ. ಫಲಕ ವಾಪಸ್ ಹೋಯಿತು. 1955ರಲ್ಲಿ ಕಾಲೇಜೂ ಮುಚ್ಚಿತು. ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆ ಸಲ್ಲದು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಬೆನ್ನಿಗೇ ರಾಜ್ಯ ಸರ್ಕಾರ ಅನುದಾನ ನಿಲ್ಲಿಸಿತ್ತು.

ಕಲ್ಲಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಪಕ್ಕದ ಕಟ್ಟಡದ ರಿಪೇರಿಗಾಗಿ ಅದನ್ನು ತೆಗೆದಿಟ್ಟರು. 1981ರಲ್ಲಿ ವಾಪಸ್ ನಿಲ್ಲಿಸಿದಾಗ ವಿರೋಧ ಬಂತು. ಇಲಾಖೆಯವರು ಏನು ಮಾಡಿದರು? ಪ್ಲೈವುಡ್ ಹಲಗೆ ಮುಚ್ಚಿದರು. ಹದಿನಾಲ್ಕು ವರ್ಷ ಒಂದು ಸ್ಮಾರಕ ಪೆಟ್ಟಿಗೆಯೊಳಗಿತ್ತು! 1995ರಲ್ಲಿ ಹಲಗೆ ತೆಗೆದು, ಪಕ್ಕದಲ್ಲಿ ಒಂದು ವಿವರಣೆಯ ಬೋರ್ಡು ಹಾಕಿದರು. ಇದನ್ನು ಯಾರು ನಿಲ್ಲಿಸಿದರು, ಯಾಕೆ, ಡು ಬಾಯ್ಸ್ ಏನಂದರು ಅಂತ. ಡು ಬಾಯ್ಸ್ ಫಲಕಕ್ಕೆ 2006ರಲ್ಲಿ ಕೊನೆಗೂ ಜಾಗ ಸಿಕ್ಕಿತು. ಕಾಲೇಜಿನ ಆವರಣದಲ್ಲಿ, ಕೋಟೆ ಒಂದು ಕಾಲಕ್ಕೆ ನಿಂತಿದ್ದ ಕಡೆ. 74 ವರ್ಷ ಕಾದ ಫಲಕ. ನಾವು ಚಿತ್ರಾನ್ನ ತಿಂದ ಜಾಗದಿಂದ ಅದು ಕಾಣುತ್ತಿತ್ತು.

ಸಣ್ಣ ಊರಿನ ಮ್ಯೂಸಿಯಂ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಕತ್ತಿ, ಬಾಗಿಲಲ್ಲಿ ಕೀಚೈನ್ ಅಂಗಡಿ ಅಂತ ನಾನು ಅಂದುಕೊಂಡಿದ್ದೆ. ಹಾರ್ಪರ್ಸ್ ಫೆರಿಯಲ್ಲೂ ಕೀಚೈನ್ ಸಿಗುತ್ತೆ, ಜಾನ್ ಬ್ರೌನ್ ಮೇಣದ ಗೊಂಬೆಗಳ ಮ್ಯೂಸಿಯಮ್ಮೂ ಇದೆ. ಆದರೆ ಮುನ್ನೂರು ಜನರಿಲ್ಲದ ಊರು ತನ್ನ ಜಗಳವನ್ನು ಒರೆಸಿ ಹಾಕದೆ, ಒಂದು ಕಲ್ಲನ್ನು ಕೆಳಗೆ, ಇನ್ನೊಂದನ್ನು ಗುಡ್ಡದ ಮೇಲೆ ಇಟ್ಟುಕೊಂಡಿದೆ. ನಡುವೆ ಇರೋದು ಇಪ್ಪತ್ತು ನಿಮಿಷದ ಏರು. ಆ ಏರು ಹತ್ತದೆ ವಾಪಸ್ ಬಂದವರು ಊರನ್ನು ಅರ್ಧ ಮಾತ್ರ ನೋಡಿದ ಹಾಗೆ. ಕಲ್ಲನ್ನು ಕಿತ್ತುಹಾಕಬೇಕಿತ್ತು ಅನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೂ ಆ ಬೋರ್ಡಿನ ಪಕ್ಕ ನಿಂತು ಓದದಿದ್ದರೆ, ಸುಳ್ಳು ಎಷ್ಟು ಸಭ್ಯವಾದ ಭಾಷೆಯಲ್ಲಿ ಬರುತ್ತೆ ಅಂತ ನನಗೆ ತಿಳಿಯುತ್ತಿರಲಿಲ್ಲ.

ಸಂಜೆ ಹೊರಡುವ ಮುಂಚೆ ರೈಲ್ವೆ ಸೇತುವೆಗೆ ಅಂಟಿದ ಕಾಲುದಾರಿಯ ಮೇಲೆ ನಡೆದೆವು. ಈ ಸೇತುವೆ 1894ರದ್ದು. ಪಕ್ಕದಲ್ಲಿ ನದಿಯ ನಡುವೆ ಹಳೇ ಸೇತುವೆಯ ಕಲ್ಲಿನ ಕಂಬಗಳು ಮಾತ್ರ ಉಳಿದಿವೆ. ಮೇಲೆ ಏನೂ ಇಲ್ಲ. ಶೆಫರ್ಡ್ ಕತ್ತಲಲ್ಲಿ ನಡೆದು ಹೋದದ್ದು ಆ ಸೇತುವೆಯ ಕಡೆಗೆ. ಅವನ ಹೆಸರಿನ ಕಲ್ಲು ಅವನ ಕಥೆಯನ್ನು ತಿರುಚಿದೆ. ಈ ಕಂಬಗಳ ಮೇಲೆ ಏನೂ ಬರೆದಿಲ್ಲ. ರೂಮ್‌ಮೇಟ್ ಫೋಟೋ ತೆಗೆಯಲಿಕ್ಕೆ ಫೋನ್ ಎತ್ತಿದ, "ಏನಿದೆ ಅಲ್ಲಿ?" ಅಂದ. ನಾನು ಶೆಫರ್ಡ್ ಕಥೆ ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಅವನು "ಮುಂದೆ ಹೋಗೋಣ್ವಾ" ಅನ್ನಲಿಲ್ಲ.